ಮೂವತ್ತೆಂಟು ಹೆಂಗಸರ ವಯಸ್ಸು

ಜಾಲಿಕಟ್ಟೆ
೧೦-೬-೨೦೨೫

ಪ್ರಜ್ಞಾ,

ಜೈ ಭೀಮ್.

ಆರು ಸಲ ಫೋನ್ ಮಾಡಿದೆ. ಐದು ಸಲ ನೀನು ಎತ್ತಲಿಲ್ಲ. ಆರನೇ ಸಲ ಎತ್ತಿ, "ಆಫೀಸಿನ ವಿಷಯ ಆದ್ರೆ ಬರವಣಿಗೇಲಿ ಕೊಡಿ" ಅಂದು ಇಟ್ಟುಬಿಟ್ಟೆ. ಮೂವತ್ತಮೂರು ವರ್ಷ ಮೇಷ್ಟ್ರಾಗಿದ್ದವನಿಗೆ ಬರೆಯುವುದೇನು ಕಷ್ಟವಲ್ಲ. ತಗೋ, ಬರೆದು ಕೊಡುತ್ತಿದ್ದೇನೆ.

ಕಡೂರು, ತರೀಕೆರೆ, ಅಜ್ಜಂಪುರ ಮೂರು ತಾಲ್ಲೂಕಿಗೂ ಸೇರಿ ನಾಲ್ಕು ಹಗಲುಮನೆ ಬಂದಿವೆಯೆಂದು ಪಂಚಾಯಿತಿಯ ಬೋರ್ಡಿನಲ್ಲಿ ಓದಿದೆ. ಮನೆಯಲ್ಲಿ ಒಬ್ಬೊಬ್ಬರೇ ಉಳಿಯುವ ವಯಸ್ಸಾದವರು ಬೆಳಗ್ಗೆ ಬಂದು ಕೂರಬಹುದು, ಮಧ್ಯಾಹ್ನ ಬಿಸಿ ಊಟ, ವಾರಕ್ಕೆ ಎರಡು ದಿನ ನರ್ಸು, ಆಸ್ಪತ್ರೆಗೆ ಹೋಗಿಬರಲು ಒಂದು ವ್ಯಾನು. ಮೂರು ಮನೆ ಯಾರ್ಯಾರಿಗೋ ಹೋಗಿ, ಒಂದು ಮಾತ್ರ ಹಿರೇನಲ್ಲೂರು ಹೋಬಳಿಗೆ ಉಳಿದಿದೆಯಂತೆ. ಊರು ಆರಿಸುವ ಪಟ್ಟಿ ಮಾಡುತ್ತಿರುವವಳು ನೀನಂತೆ. ಇದನ್ನು ನನಗೆ ಹೇಳಿದವನು ಬಸ್ ಕಂಡಕ್ಟರು. ಮಗಳ ಸುದ್ದಿ ಅಪ್ಪನಿಗೆ ಕಂಡಕ್ಟರ್ ಬಾಯಲ್ಲಿ ಬರುತ್ತದೆ.

ಆ ಮನೆ ಜಾಲಿಕಟ್ಟೆಗೆ ಬೇಕು. ಮಗಳೆಂದು ಕೇಳುತ್ತಿಲ್ಲ, ನ್ಯಾಯವೆಂದು ಕೇಳುತ್ತಿದ್ದೇನೆ. ಕಟ್ಟಡಕ್ಕಾಗಿ ಹುಡುಕಬೇಕಾಗಿಲ್ಲ. ನಾನು ಪಾಠ ಮಾಡಿದ ಶಾಲೆಯಲ್ಲಿ ಕೊನೆಗೆ ಏಳು ಮಕ್ಕಳು ಉಳಿದರು, ಬೀಗ ಹಾಕಿದರು. ಊರಲ್ಲಿ ಈಗ ಮಕ್ಕಳಿಲ್ಲ, ಮುದುಕರಿದ್ದಾರೆ. ಗಟ್ಟಿ ಇರುವವರು ಏಳು ಗಂಟೆಗೆಲ್ಲ ತೋಟ, ಹೊಲ, ಕಡೂರಿನ ಅಂಗಡಿ ಅಂತ ಹೊರಟರೆ ಬರುವುದು ಕತ್ತಲಾದ ಮೇಲೆ. ಈರಭದ್ರಪ್ಪನಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಗಿದೆ. ಬಾಗಿಲಿಗೆ ಹಗ್ಗ ಕಟ್ಟಿಕೊಂಡು ಬಚ್ಚಲಿಗೆ ಹೋಗಿಬರುತ್ತಾನೆ.

ಹಗಲು ಹೊತ್ತಿನಲ್ಲಿ ಒಬ್ಬರು ಬಿದ್ದರೆ ಎತ್ತುವವರಿಲ್ಲ. ಇದನ್ನು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ.

ನಿನ್ನ ತಂದೆ,
ಧನಪಾಲ್
ನಿವೃತ್ತ ಮುಖ್ಯಶಿಕ್ಷಕ


ಕಡೂರು
18.06.2025

ಮಾನ್ಯರೇ,

ತಮ್ಮ ಪತ್ರ ತಲುಪಿದೆ. ಹಗಲುಮನೆ ಪಡೆಯಲು ಪಂಚಾಯಿತಿಯಲ್ಲಿ ಅರವತ್ತು ದಾಟಿದವರು ಕನಿಷ್ಠ ನೂರೈವತ್ತು ಮಂದಿ ಇರಬೇಕು. ಆಧಾರ್ ಮತ್ತು ಮತದಾರರ ಪಟ್ಟಿಯಂತೆ ಜಾಲಿಕಟ್ಟೆಯಲ್ಲಿ ಇರುವವರು ನೂರಮೂವತ್ತೊಂದು. ಆದ್ದರಿಂದ ತಮ್ಮ ಗ್ರಾಮವನ್ನು ಪಟ್ಟಿಗೆ ಸೇರಿಸಲು ಬರುವುದಿಲ್ಲ.

ಕಟ್ಟಡ ಸರಿಪಡಿಸುವ ಹಣ ಮಾತ್ರ ಜಿಲ್ಲೆಯಿಂದ ಬರುತ್ತದೆ. ಅಡುಗೆಯವರ ಸಂಬಳ, ವ್ಯಾನಿನ ಡೀಸೆಲ್ ಪ್ರತಿವರ್ಷ ಪಂಚಾಯಿತಿಯೇ ಭರಿಸಬೇಕು. ಜನ ಕಡಿಮೆಯಾದರೆ ಅನುದಾನ ಕಡಿಮೆ, ಅನುದಾನ ಕಡಿಮೆಯಾದರೆ ಎರಡೇ ವರ್ಷಕ್ಕೆ ಬೀಗ. ಬೀಗ ಬಿದ್ದ ಮನೆಯಿಂದ ಯಾರಿಗೂ ಉಪಯೋಗವಿಲ್ಲ.

ಆಕ್ಷೇಪಣೆ ಇದ್ದಲ್ಲಿ ಆಗಸ್ಟ್ 22ರೊಳಗೆ ದಾಖಲೆ ಸಹಿತ ಸಲ್ಲಿಸಬಹುದು.

ಇಂತು,
ಪ್ರಜ್ಞಾ ಡಿ.
ಯೋಜನಾ ವಿಭಾಗ


ಜಾಲಿಕಟ್ಟೆ
೨೫-೬-೨೦೨೫

ಪ್ರಜ್ಞಾ,

ಮಾನ್ಯರೇ ಅಂತ ಬರೆದಿದ್ದೀಯ, ತಮ್ಮ ಪತ್ರ ಅಂತ ಬರೆದಿದ್ದೀಯ. ಸ್ಲೇಟು ಹಿಡಿಸಿ ಅಕ್ಷರ ತಿದ್ದಿಸಿದ ಕೈಗೆ ಒಳ್ಳೇ ಮರ್ಯಾದೆಯೇ ಸಿಕ್ಕಿತು. ಇರಲಿ.

ನೂರೈವತ್ತು ಅಂತ ಗೀಟು ಎಳೆದ ಬುದ್ಧಿವಂತ ಯಾರು? ಅವನನ್ನು ಒಂದು ದಿನ ಇಲ್ಲಿಗೆ ಕಳಿಸು. ನೂರಮೂವತ್ತೊಂದಂತೆ! ನನ್ನ ಕಣ್ಣಿಗೇ ನೂರೆಪ್ಪತ್ತು ಮಂದಿ ಕಾಣುತ್ತಾರೆ. ನಿಮ್ಮ ಕಾಗದದಲ್ಲಿ ಅವರೆಲ್ಲ ಹರೆಯದವರು.

ನಿನ್ನ ಕಾಗದ ಬಂದ ದಿನವೇ ಹುಲಿಯಮ್ಮನ ಮನೆಗೆ ಹೋದೆ. ನಿಮ್ಮ ಅಮ್ಮನಿಗಿಂತ ಐದಾರು ವರ್ಷ ದೊಡ್ಡವಳು. ಕಾರ್ಡು ತೆಗೆಸಿ ನೋಡಿದರೆ ಐವತ್ತೆಂಟು.

"ನಿನ್ನ ಹಿರೀಮಗ ಕರಿಯಣ್ಣನಿಗೆ ಎಷ್ಟಮ್ಮ?" ಅಂದೆ.

"ಅವನ ಕಾರ್ಡಿನಾಗೆ ಐವತ್ನಾಕು."

"ಹಂಗಾದ್ರೆ ನಾಲ್ಕು ವರ್ಷಕ್ಕೇ ಹೆತ್ತೆಯಾ?"

"ಸರ್ಕಾರ ಹಂಗಂತೈತೆ ಮೇಷ್ಟ್ರೇ, ನಾನು ಬ್ಯಾಡ ಅನ್ನಾಕಾಯ್ತದಾ" ಅಂತ ನಕ್ಕಳು. ಮಂಡಿ ಹಿಡಿದುಕೊಂಡು ಗೋಡೆ ಆಸರೆಯಲ್ಲಿ ನಿಂತಿದ್ದಳು. ವೃದ್ಧಾಪ್ಯ ವೇತನ ಕೇಳಲು ಹೋದರೆ, "ಇನ್ನೂ ವಯಸ್ಸಾಗಿಲ್ಲ, ಹೋಗಿ ಬಾ" ಅಂತ ಮೂರು ಸಲ ವಾಪಸು ಕಳಿಸಿದ್ದಾರೆ.

ಇವಳೊಬ್ಬಳೇ ಅಲ್ಲ, ಇಂಥವರು ಮೂವತ್ತೆಂಟು ಹೆಂಗಸರಿದ್ದಾರೆ. ಹಿಂದೆ ಫೋಟೋ ಇರುವ ಮತದಾರರ ಚೀಟಿ ಮಾಡುವಾಗ ಯಾರೋ ಕಣ್ಣು ಮುಚ್ಚಿ ವಯಸ್ಸು ಗೀಚಿದ್ದಾರೆ. ಅದನ್ನು ನೋಡಿಕೊಂಡು ಆಧಾರ್‌ನವರು ಬರೆದರು, ಅದನ್ನು ನೋಡಿಕೊಂಡು ನೀವು ಬರೆದಿರಿ. ಡಾಕ್ಟರನ್ನು ಕರೆಸಿ ಇವರ ವಯಸ್ಸು ಪರೀಕ್ಷೆ ಮಾಡಿಸು. ಎಣಿಕೆ ತಾನಾಗಿ ಸರಿಹೋಗುತ್ತದೆ.

ಧನಪಾಲ್


ಕಡೂರು
14.07.2025

ಅಪ್ಪ,

ನೂರೈವತ್ತು ಎಂದು ಗೀಟು ಎಳೆದ ಬುದ್ಧಿವಂತೆ ನಾನೇ. ಅಡುಗೆಯವಳಿಗೆ ವರ್ಷಪೂರ್ತಿ ಸಂಬಳ ಕೊಡಲು ಎಷ್ಟು ಜನ ಬೇಕೆಂದು ಮೂರು ತಿಂಗಳು ಕೂತು ಲೆಕ್ಕ ಹಾಕಿ ಎಳೆದ ಗೀಟು ಅದು. ನನ್ನ ಊರಿಗಾಗಿ ಅದನ್ನು ನಾನೇ ಅಳಿಸುವುದಿಲ್ಲ.

ಡಾಕ್ಟರ ಪರೀಕ್ಷೆ ಮಾಡಿಸಬಹುದು. ಆದರೆ ಒಂದೇ ಊರಲ್ಲಿ ಮೂವತ್ತೆಂಟು ಹೆಂಗಸರಿಗೆ ಇದ್ದಕ್ಕಿದ್ದಂತೆ ಹನ್ನೆರಡು, ಹದಿಮೂರು ವರ್ಷ ಜಾಸ್ತಿಯಾದರೆ ಸಮಿತಿಯವರು ನಂಬುತ್ತಾರೆಯೇ? ಅದೂ ಪಟ್ಟಿ ಮಾಡುವವಳು ಅದೇ ಊರಿನವಳಾದರೆ? ಮೊದಲು ತಪ್ಪು ಹೇಗಾಯಿತೆಂದು ತೋರಿಸಿ ಎನ್ನುತ್ತಾರೆ. ಹಾಗಾಗಿ ಹೇಗಾಯಿತೆಂದು ನಾನೇ ಹುಡುಕಿದೆ.

ದಾಖಲೆ ಕೊಠಡಿಯಲ್ಲಿ ಎರಡು ದಿನ ಧೂಳು ಕುಡಿದ ಮೇಲೆ 2003ರ ಜಾಲಿಕಟ್ಟೆ ಮತದಾರರ ಗಣತಿ ಪುಸ್ತಕ ಸಿಕ್ಕಿತು. ಮೂವತ್ತೆಂಟು ಹೆಸರೂ ಎರಡು ಪುಟದಲ್ಲಿ ಒಟ್ಟಿಗೆ ಇವೆ. ಹುಲಿಯಮ್ಮ, ಮೂವತ್ತಾರು. ಕೆಳಗೆ ಗಣತಿದಾರರ ಸಹಿ: ಧನಪಾಲ್, ಸಹಶಿಕ್ಷಕ.

ಯಾರೋ ಕಣ್ಣು ಮುಚ್ಚಿ ಗೀಚಿದ್ದಾರೆ ಅಂದಿರಿ. ಆ ಯಾರೋ ನೀವೇ ಎಂದು ಬರೆಯುವಾಗ ನಿಮಗೆ ಗೊತ್ತಿರಲಿಲ್ಲವೇ? ಆ ಎರಡು ಪುಟದ ಅಕ್ಷರದ ಬಗ್ಗೆ ನಾನು ಏನೂ ಬರೆಯುವುದಿಲ್ಲ. ನಿಮ್ಮ ಬುದ್ಧಿಯೇ ಇಷ್ಟು. ಬೇಕಾದ ಹೊತ್ತಿಗೆ ಇರುವುದಿಲ್ಲ, ಮಾಡಿದ್ದನ್ನು ಒಪ್ಪುವುದಿಲ್ಲ.

ಜಾಲಿಕಟ್ಟೆಗೆ ಹಗಲುಮನೆ ಬೇಕಾದರೆ ದಾರಿ ಒಂದೇ. ವಯಸ್ಸು ತಪ್ಪಾಗಿ ಬರೆದದ್ದು ಹೇಗೆ, ಯಾಕೆ ಎಂದು ಗಣತಿದಾರರೇ ಸಹಿ ಹಾಕಿ ಹೇಳಿಕೆ ಕೊಡಬೇಕು. ಆಗಸ್ಟ್ 22 ಕೊನೆ ದಿನ.

ಪ್ರಜ್ಞಾ


ಜಾಲಿಕಟ್ಟೆ
3.8.2025

ಮಗಾ ಪ್ರಜ್ಞಾ,

ನಾನು ಹುಲಿಯವ್ವ. ಬರೀತಿರೋದು ಕಾಂತಮ್ಮನ ಮೊಮ್ಮಗಳು ವಿದ್ಯಾಶ್ರೀ, ಕಡೂರಾಗೆ ಬಿಎ ಓದ್ತೈತಲ್ಲ ಅದು. ನಾ ಅಂದಂಗೇ ಬರಿ, ತಿದ್ದಬ್ಯಾಡ ಅಂದಿದ್ದೀನಿ.

ನಿನ್ ಕಾಗ್ದ ಬಂದಾಗಿಂದ ನಿಮ್ಮಪ್ಪ ಜಗಲಿ ಬಿಟ್ಟು ಎದ್ದಿಲ್ಲ. ಮುದ್ದೆ ಮಾಡಿ ತಗಂಡೋದ್ರೆ ಅರ್ಧ ಉಂಡು ಇಡ್ತಾರೆ. ಏನಾಯ್ತು ಮೇಷ್ಟ್ರೇ ಅಂದ್ರೆ ಕಾಗ್ದ ಕೈಗೆ ಕೊಟ್ರು. ಈ ಹುಡುಗಿ ಓದಿ ಹೇಳ್ತು. ಕೇಳಿ ನಂಗೆ ಹೊಟ್ಟೆ ಉರೀತು ಕಣವ್ವ. ನಿಂಗೆ ಗೊತ್ತಿಲ್ದೇ ಇರೋದು ಹೇಳ್ತೀನಿ, ಕೇಳು.

ಆಗ ಮೂರು ವರ್ಸ ರಾಗಿ ಕೈಗೆ ಹತ್ನಿಲ್ಲ. ನಾವು ಹೆಂಗಸ್ರು ಗಟ್ಟದ ಮ್ಯಾಲೆ ಕಾಫಿ ತೋಟಕ್ಕೆ ಹಣ್ಣು ಕೀಳಾಕೆ ಹೋಯ್ತಿದ್ವಿ. ಆ ವರ್ಸ ತೋಟಕ್ಕೆ ಲೆಕ್ಕ ಬರೆಯೋ ಹೊಸ ರೈಟ್ರು ಬಂದ. ನಲವತ್ತು ದಾಟಿದೋರ್ನ ಕರ್ಕಂಡು ಬರಬ್ಯಾಡ, ಕಾರ್ಡು ನೋಡಿ ಲಾರಿ ಹತ್ಸು ಅಂತ ಮೇಸ್ತ್ರಿ ಚನ್ನಬಸಪ್ಪಂಗೆ ಹೇಳ್ದ. ಚನ್ನಬಸಪ್ಪ ನಮ್ಮನ್ನ ಲಾರಿಯಿಂದ ಇಳಿಸ್ಬಿಟ್ಟ. ಅದೇ ತಿಂಗ್ಳು ಹೊಸ ವೋಟಿನ ಕಾರ್ಡಿಗೆ ವಯಸ್ಸು ಬರೆಯಾಕೆ ನಿಮ್ಮಪ್ಪನ್ನ ಹಾಕಿದ್ರು. ನಾವೆಲ್ಲ ಹೋಗಿ ಅಂಗಳದಾಗೆ ಕೂತ್ವಿ. ನಮ್ಮ ವಯಸ್ಸು ಒಂದಿಷ್ಟು ಕಮ್ಮಿ ಮಾಡ್ರಪ್ಪ, ಮಕ್ಕಳು ಮೊಮ್ಮಕ್ಕಳು ಉಪಾಸ ಅವೆ ಅಂದ್ವಿ.

ನಿಮ್ಮಪ್ಪ ಆಗಾಕಿಲ್ಲ ಅಂದ್ಬಿಟ್ರು. ಈ ಕೈಲಿ ಸುಳ್ಳು ಬರೆಯಾಕಿಲ್ಲ, ಎದ್ದು ಹೋಗಿ ಅಂತ ರೇಗಿದ್ರು. ಆಗ ಒಳಗಿಂದ ಕೋಮಲವ್ವ ಬಂದ್ಲು. ನಿಮ್ಮವ್ವ ಅಂಗನವಾಡಿ ಟೀಚರ್ರಲ್ವಾ, ನಮ್ಮ ಮೊಮ್ಮಕ್ಕಳು ಬರೀ ಹೊಟ್ಟೇಲಿ ಬಂದು ಕೂರೋದ ದಿನಾ ನೋಡೋಳು. ಪುಸ್ತಕ ಕಿತ್ಕಂಡು, "ನಿಮ್ ಕೈ ಮಡಿಯಾಗಿರ್ಲಿ, ನನ್ ಕೈಲಿ ಬರೀತೀನಿ. ಸಹಿ ಮಾತ್ರ ಹಾಕಿ" ಅಂದ್ಲು. ಅಲ್ಲೇ ಕೂತು ಒಬ್ಬೊಬ್ಬಳ ಹೆಸರೂ ಬರೆದ್ಲು. ನಿಮ್ಮಪ್ಪ ಮುಖ ಆ ಕಡೀಕೆ ತಿರುಗಿಸ್ಕಂಡು ಕೂತಿದ್ರು. ಬರೆದಾದ ಮ್ಯಾಲೆ ಸಹಿ ಹಾಕಿದ್ರು. ಆ ವರ್ಸ ಎರಡು ತಿಂಗಳು ಕೂಲಿ ಸಿಕ್ತು. ನಮ್ಮ ಮಕ್ಕಳು ಮೊಮ್ಮಕ್ಕಳು ಬದುಕಿದ್ದು ಹಂಗೆ.

ಮೊನ್ನೆ ಹೆಂಗಸ್ರೆಲ್ಲ ಕೂತು ಮಾತಾಡಿದ್ವಿ. ನಮಗೆ ಹಗಲುಮನೆ ಬ್ಯಾಡ. ಡಾಕ್ಟ್ರು ಬಂದ್ರೆ ನಾವು ಬಾಗಿಲು ತೆಗೆಯಾಕಿಲ್ಲ. ಐವತ್ತೆಂಟು ಅಂದ್ರೆ ಐವತ್ತೆಂಟು. ನಿಮ್ಮಪ್ಪನ್ನ ಕೋರ್ಟು ಕಚೇರಿ ಅಂತ ಅಲೆಸಿ ನಾವು ಅಲ್ಲಿ ಬಿಸಿ ಅನ್ನ ಉಂಡ್ರೆ ಅದು ಗಂಟ್ಲಾಗೆ ಇಳಿಯಲ್ಲ. ಉಂಡ ಮನೆ ಜಂತೆ ಎಣಿಸೋ ಜನ ಅಲ್ಲ ನಾವು. ನೀನು ಆ ಪುಸ್ತಕ ಎಲ್ಲಿತ್ತೋ ಅಲ್ಲೇ ಮಡಗು.

ಹುಲಿಯಮ್ಮ
(ಹೆಬ್ಬೆಟ್ಟು)

ಅಕ್ಕಾ, ಇದು ವಿದ್ಯಾಶ್ರೀ. ಹುಲಿಯಮ್ಮಜ್ಜಿ ಬರೀಬೇಡ ಅಂದಿದ್ದನ್ನು ಬರೆಯುತ್ತಿದ್ದೇನೆ. ಕಳೆದ ಬುಧವಾರ ಮಧ್ಯಾಹ್ನ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದಿದ್ದರು. ನಾನು ಕಾಲೇಜಿನಿಂದ ಬಂದು ನೋಡುವವರೆಗೂ ಎರಡೂವರೆ ಗಂಟೆ ಹಾಗೇ ಬಿದ್ದಿದ್ದರು. ಮೂಳೆಗೆ ಏನೂ ಆಗಿಲ್ಲ. "ಪ್ರಜ್ಞಂಗೆ ಹೇಳಬ್ಯಾಡ, ಅವಳವ್ವನ ನೆನಪು ಆಗ್ತದೆ" ಅಂದರು.


ಕಡೂರು
7.8.2025

ಅಪ್ಪ,

ಹುಲಿಯವ್ವನ ಕಾಗದ ಬಂತು. ನಾಲ್ಕು ಸಲ ಓದಿದೆ.

ಗಣತಿ ಪುಸ್ತಕ ತೆರೆದ ಕೂಡಲೇ ಆ ಎರಡು ಪುಟ ಅಮ್ಮನ ಅಕ್ಷರವೆಂದು ನನಗೆ ತಿಳಿದಿತ್ತು. ನಿಮ್ಮದು ಕೋಲಕ್ಷರ, ಈ ಎರಡು ಪುಟ ದುಂಡಗೆ, ಅಂಗನವಾಡಿಯ ಗೋಡೆಯ ಮೇಲೆ ಬರೆಯುತ್ತಿದ್ದಳಲ್ಲ ಹಾಗೆ. ಸುಳ್ಳನ್ನು ಅಮ್ಮನ ಕೈಯಲ್ಲಿ ಬರೆಸಿ ನೀವು ಸಾಚಾ ಆಗಿ ಉಳಿದಿರಿ ಎಂದುಕೊಂಡೆ. ಆ ಸಿಟ್ಟಿನಲ್ಲಿ ಹಾಗೆ ಬರೆದೆ. ನನಗೆ ಗೊತ್ತಿರಲಿಲ್ಲ. ತಪ್ಪಾಯಿತು.

ಈಗ ಹೇಳುತ್ತೇನೆ, ಹೇಳಿಕೆ ಕೊಡಬೇಡಿ. ಇಲ್ಲಿ ವಿಷಯ ತಿಳಿದವರೊಬ್ಬರನ್ನು ಹೆಸರು ಹೇಳದೆ ಕೇಳಿದೆ. ಚುನಾವಣೆಯ ದಾಖಲೆಯಾದ್ದರಿಂದ ಇಲಾಖೆಯವರು ವಿಚಾರಣೆ ಇಡಬಹುದು, ಮುಗಿಯುವ ತನಕ ಪಿಂಚಣಿ ತಡೆಹಿಡಿಯಬಹುದು. ಹಳೆಯ ವಿಷಯ ಎಂದು ಬಿಟ್ಟರೂ ಬಿಡಬಹುದು, ಆದರೆ ಅದನ್ನು ನಂಬಿಕೊಂಡು ಕೂರಲು ಆಗುವುದಿಲ್ಲ.

ಕೊಡಲೇಬೇಕೆಂದಿದ್ದರೆ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ವಯಸ್ಸು ಬರೆದದ್ದು ನನ್ನ ಹೆಂಡತಿ ಕೋಮಲಾ, ನಾನು ನೋಡದೆ ಸಹಿ ಹಾಕಿದೆ ಎಂದು. ಅಮ್ಮನನ್ನು ಈಗ ಯಾರೂ ಏನೂ ಮಾಡಲಾರರು.

ಹುಲಿಯವ್ವ ಬಿದ್ದದ್ದು ನಿಮಗೆ ಗೊತ್ತೇ? ವಿದ್ಯಾಶ್ರೀ ಬರೆದಿದ್ದಾಳೆ. ಆ ಹಗಲುಮನೆ ನನಗೂ ಬೇಕು ಅಪ್ಪ. ನಿಮಗಿಂತ ಜಾಸ್ತಿ ಬೇಕು. ಆದರೆ ನಿಮ್ಮ ಬುತ್ತಿ ಕಿತ್ತುಕೊಂಡು ಅಲ್ಲಿ ಊಟ ಬಡಿಸುವುದು ನನ್ನಿಂದ ಆಗುವುದಿಲ್ಲ. ನೂರಮೂವತ್ತೊಂದು ಎಂದೇ ಕಳಿಸಿಬಿಡುತ್ತೇನೆ. ಸುಮ್ಮನಿರಿ.

ಪ್ರಜ್ಞಾ


ಜಾಲಿಕಟ್ಟೆ
೧೪-೮-೨೦೨೫
(ರಿಜಿಸ್ಟರ್ಡ್ ಅಂಚೆ)

ಪ್ರಜ್ಞಾ,

ರಿಜಿಸ್ಟರ್ ಮಾಡಿ ಕಳಿಸುತ್ತಿದ್ದೇನೆ, ನೀನು ಮೇಜಿನ ಖಾನೆಗೆ ಹಾಕಿ ಬೀಗ ಹಾಕಬಾರದು ಅಂತ. ಹೇಳಿಕೆ ಇದರ ಜೊತೆಗಿದೆ. ಇನ್ನೊಂದು ಪ್ರತಿಯನ್ನು ನಿನ್ನ ಮೇಲಿನವರಿಗೂ ಕಳಿಸಿದ್ದೇನೆ.

ಸತ್ತವಳ ಹೆಗಲಿಗೆ ಹೊರಿಸಿ ನಾನು ಪಿಂಚಣಿ ಉಣ್ಣಲೇ? ನೀನು ಹೇಗೆ ಬರೆದೆಯೇ ಆ ಮಾತನ್ನು? ನನಗಾಗಿ ಬರೆದೆ, ಗೊತ್ತು. ಆದರೂ ಓದಿದಾಗ ಕಾಗದ ಹರಿದು ಒಲೆಗೆ ಹಾಕಿದೆ. ಇಪ್ಪತ್ತೈದು ವರ್ಷ ಈ ಊರಿನ ಮಕ್ಕಳೆಲ್ಲ ಅವಳ ಮಡಿಲಲ್ಲಿ ಬೆಳೆದವರು. ಅವಳ ಹೆಸರು ಕೇಸಿನ ಕಾಗದದಲ್ಲಿ ಬರಬಾರದು.

ನಿನಗೆ ಇನ್ನೊಂದು ವಿಷಯ ಹೇಳಬೇಕು. ಎರಡು ವರ್ಷದಿಂದ ನುಂಗಿಕೊಂಡಿದ್ದೇನೆ. ನಿಮ್ಮ ಅಮ್ಮ ಬಿದ್ದು ತೀರಿಕೊಂಡ ದಿನ ತರೀಕೆರೆಯಲ್ಲಿ ನಿವೃತ್ತ ಶಿಕ್ಷಕರ ಸಭೆ ಮೂರರ ತನಕ ಇತ್ತು ಅಂತ ನಿನಗೆ ಹೇಳಿದ್ದೆ. ಸಭೆ ಹನ್ನೊಂದೂವರೆಗೇ ಮುಗಿದಿತ್ತು. ಹಳೇ ಸ್ನೇಹಿತರು ಸಿಕ್ಕರು. ಹೋಟೆಲಲ್ಲಿ ಊಟ ಮಾಡಿ ಬಸ್ ಸ್ಟ್ಯಾಂಡಿನಲ್ಲಿ ಕೂತು ಹರಟೆ ಹೊಡೆದೆವು. ಹರಟುತ್ತ ಎರಡು ಬಸ್ಸು ಬಿಟ್ಟೆ. ಮೊದಲನೆಯದಕ್ಕೆ ಹತ್ತಿದ್ದರೆ ಎರಡು ಗಂಟೆಗೆ ಮನೆಯಲ್ಲಿರುತ್ತಿದ್ದೆ. ನಾಲ್ಕಕ್ಕೆ ಹುಲಿಯಮ್ಮ ನೋಡುವ ತನಕ ಅವಳು ಹಾಗೆ ಬಿದ್ದಿರುತ್ತಿರಲಿಲ್ಲ. ನೀನು ಮಾತು ಬಿಟ್ಟದ್ದು ಸಭೆಗೆ ಹೋದೆನೆಂದು. ನಿಜ ಅದಕ್ಕಿಂತ ಕೆಟ್ಟದ್ದು.

ಬೈಯಬೇಕಾದರೆ ಬೈ. ಹೇಳಿಕೆಯನ್ನು ಮಾತ್ರ ಮುಂದಕ್ಕೆ ಕಳಿಸು.

ನಿನ್ನ ತಂದೆ,
ಧನಪಾಲ್

ಹೇಳಿಕೆ

೨೦೦೩ರಲ್ಲಿ ಜಾಲಿಕಟ್ಟೆ ಗ್ರಾಮದ ಗಣತಿದಾರನಾಗಿದ್ದ ನಾನು, ಧನಪಾಲ್, ಮೂವತ್ತೆಂಟು ಮಹಿಳೆಯರ ವಯಸ್ಸನ್ನು ನಿಜಕ್ಕಿಂತ ಹನ್ನೆರಡರಿಂದ ಹದಿಮೂರು ವರ್ಷ ಕಡಿಮೆ ಬರೆದಿರುತ್ತೇನೆ. ಕಾಫಿ ತೋಟದಲ್ಲಿ ಅವರಿಗೆ ಕೂಲಿ ಸಿಗಲಿ ಎಂದು ತಿಳಿದೇ ಬರೆದಿರುತ್ತೇನೆ. ಯಾರಿಂದಲೂ ಏನನ್ನೂ ಪಡೆದಿಲ್ಲ. ಆ ಪುಟಗಳನ್ನು ನಾನೇ ನನ್ನ ಕೈಯಾರೆ ಬರೆದಿರುತ್ತೇನೆ. ಇದರಲ್ಲಿ ಬೇರೆ ಯಾರ ಪಾತ್ರವೂ ಇರುವುದಿಲ್ಲ.

ಸಹಿ: ಧನಪಾಲ್


ಕಡೂರು
21.8.2025

ಅಪ್ಪ,

ತಲುಪಿತು. ಅರ್ಜಿದಾರರು ನನ್ನ ತಂದೆ ಎಂದು ಕಡತದಲ್ಲಿ ಬರೆದು, ಜಾಲಿಕಟ್ಟೆಯ ಕೆಲಸ ಬೇರೆಯವರಿಗೆ ಒಪ್ಪಿಸಿದ್ದೇನೆ. ಇವತ್ತು ನಾಲ್ಕು ಗಂಟೆಗೆ ನಿಮ್ಮ ಹೇಳಿಕೆ ಸಮಿತಿಗೆ ಹೋಯಿತು. ಕಳಿಸುವಾಗ ಕಾಗದದ ಮೇಲೆ ಸೀಲು ಒತ್ತಿದವಳು ನಾನೇ.

ಎರಡು ಬಸ್ಸಿನ ವಿಷಯಕ್ಕೆ ಉತ್ತರ ಬರೆಯಲು ಕೂತೆ. ಆಗಲಿಲ್ಲ.

ಪ್ರಜ್ಞಾ


ಜಾಲಿಕಟ್ಟೆ
೩-೧೧-೨೦೨೫

ಪ್ರಜ್ಞಾ,

ಎರಡು ತಿಂಗಳ ಮೇಲಾಯಿತು ನಿನ್ನಿಂದ ಒಂದು ಅಕ್ಷರ ಬಂದು. ಆದರೂ ಇಲ್ಲಿನ ಸುದ್ದಿ ನಿನಗೆ ತಿಳಿಯಬೇಕು.

ಸೆಪ್ಟೆಂಬರಿನಲ್ಲಿ ಡಾಕ್ಟರು ಬಂದಾಗ ಹೆಂಗಸರು ಹೇಳಿದ ಹಾಗೇ ಮಾಡಿದರು. ಒಬ್ಬಳೂ ಬಾಗಿಲು ತೆಗೆಯಲಿಲ್ಲ. ಡಾಕ್ಟರು ಶಾಲೆಯ ಜಗಲಿಯ ಮೇಲೆ ಒಂದು ಗಂಟೆ ಕೂತರು. ನಾನು ಮನೆಮನೆಗೆ ಹೋಗಿ, "ನಾನು ಬರೆದುಕೊಟ್ಟಾಗಿದೆ. ಈಗ ನೀವು ಹೋಗ್ಲಿಲ್ಲ ಅಂದ್ರೆ ಅತ್ತ ಮನೆಯೂ ಇಲ್ಲ, ಇತ್ತ ನನ್ನ ಮಾತೂ ಸುಳ್ಳು" ಅಂತ ಹೇಳಿದೆ. ಹುಲಿಯಮ್ಮ ಬಾಗಿಲ ಸಂದಿಯಿಂದ ಕೇಳಿದಳು: "ನಮ್ಮನ್ನ ಕೇಳ್ದೆ ಯಾಕ್ ಬರ್ಕೊಟ್ರಿ?" ಅವಳು ನನ್ನನ್ನು ಹಾಗೆ ಬೈದದ್ದು ಅದೇ ಮೊದಲು. ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ನಡೀರೇ" ಅಂತ ಮುಂದೆ ಹೊರಟಳು. ಮಿಕ್ಕವರು ಹಿಂದೆ ಹೊರಟರು. ಡಾಕ್ಟರು ಹುಲಿಯಮ್ಮನಿಗೆ ಎಪ್ಪತ್ತು, ಎಪ್ಪತ್ತೆರಡರ ಒಳಗೆ ಅಂತ ಬರೆದರು.

ಎಣಿಕೆ ನೂರ ಅರವತ್ತೊಂಬತ್ತಕ್ಕೆ ನಿಂತಿತು. ಮಂಜೂರಾತಿ ಬಂದಿದೆ. ಶಾಲೆಗೆ ಸುಣ್ಣ ಬಳಿಯುತ್ತಿದ್ದಾರೆ, ಬಚ್ಚಲಿಗೆ ಹಿಡಿದುಕೊಳ್ಳುವ ಕಂಬಿ ಹಾಕಿಸುತ್ತಿದ್ದಾರೆ. ಜನವರಿಗೆ ತೆರೆಯುತ್ತಾರಂತೆ. ಪಂಚಾಯಿತಿಯವರು ಡೀಸೆಲ್ ಹಣಕ್ಕೆ ಈಗಲೇ ತಲೆ ಕೆರೆದುಕೊಳ್ಳುತ್ತಿದ್ದಾರೆ. ಅದು ನಿನ್ನ ತಲೆನೋವು.

ನನ್ನ ಪಿಂಚಣಿ ಕಳೆದ ತಿಂಗಳಿಂದ ಬಂದಿಲ್ಲ. ನೋಟೀಸು ಬಂದಿದೆ. ನವೆಂಬರ್ ೨೮ಕ್ಕೆ ಕಡೂರಿನಲ್ಲಿ ವಿಚಾರಣೆ. ಸಾಕ್ಷಿಗೆ ನಿನ್ನನ್ನೂ ಕರೆಯುತ್ತಾರಂತೆ. ಗಣತಿ ಪುಸ್ತಕ ಮುಂದಿಟ್ಟು ಅಕ್ಷರ ಯಾರದೆಂದು ಕೇಳುತ್ತಾರೆ. ನೀನು ಚಿಕ್ಕವಳಿದ್ದಾಗ ಸುಳ್ಳು ಹೇಳಿದ್ದಕ್ಕೆ ನಾನು ನಿನಗೆ ಒಂದೇ ಒಂದು ಸಲ ಹೊಡೆದಿದ್ದೇನೆ. ಅಂಥ ನಾನು ಈಗ ಸುಳ್ಳು ಹೇಳು ಅಂತ ಯಾವ ಬಾಯಲ್ಲಿ ಕೇಳಲಿ? ಕೇಳುವುದಿಲ್ಲ. ನಿನಗೆ ತೋಚಿದ ಹಾಗೆ ಮಾಡು.

ಹೊಟ್ಟೆಗೆ ತೊಂದರೆಯಿಲ್ಲ. ಹುಲಿಯಮ್ಮ ಮುದ್ದೆ ತಂದಿಡುತ್ತಾಳೆ. ಬೇಡ ಅಂದರೆ ಕೇಳುವುದಿಲ್ಲ.

ನಿನ್ನ ತಂದೆ,
ಧನಪಾಲ್


ಕಡೂರು
29.11.2025

ಅಪ್ಪ,

ನಿನ್ನೆ ಒಳಗೆ ಏನಾಯಿತೆಂದು ನಿನಗೆ ಯಾರೂ ಹೇಳಿರಲಾರರು. ಹೊರಗೆ ಬಂದಾಗ ನೀನು ಬೆಂಚಿನ ಮೇಲೆ ಕೊಡೆ ಊರಿಕೊಂಡು ನೆಲ ನೋಡುತ್ತ ಕೂತಿದ್ದೆ. ಎದುರಿಗೆ ಜನವಿದ್ದರು. ಮಾತಾಡಿಸದೆ ಹಾಗೇ ಹೊರಟುಬಿಟ್ಟೆ. ಅದಕ್ಕೇ ಬರೆಯುತ್ತಿದ್ದೇನೆ. ಈ ಕಾಗದ ಸೋಮವಾರ ನಿನ್ನ ಕೈ ಸೇರುತ್ತದೆ. ಮುಂದಿನ ಶನಿವಾರ ಮಧ್ಯಾಹ್ನದ ಊಟಕ್ಕೆ ನಾನು ಅಲ್ಲಿರುತ್ತೇನೆ.

ಎರಡು ಬಸ್ಸಿನ ವಿಷಯ. ನನಗೆ ಸಿಟ್ಟು ಬಂದಿತ್ತು, ಈಗಲೂ ಇದೆ. ಪೂರ್ತಿ ಹೋಗುತ್ತದೆಂದು ಸುಳ್ಳು ಭರವಸೆ ಕೊಡುವುದಿಲ್ಲ. ಆದರೆ ಅದನ್ನು ಎದುರಿಗೆ ಕೂತು ಬೈದು ಮುಗಿಸಬೇಕು, ದೂರ ಕೂತಲ್ಲ. ಎರಡು ವರ್ಷ ನಿನ್ನನ್ನು ಒಂಟಿಯಾಗಿ ಬಿಟ್ಟಿದ್ದೆ. ನೀನು ಬಿಟ್ಟದ್ದು ಎರಡು ಬಸ್ಸು, ನಾನು ಬಿಟ್ಟದ್ದು ಎಷ್ಟೋ ನನಗೇ ತಿಳಿಯದು.

ನಾನು ನಿನ್ನೆ ನಿಜ ಹೇಳಬೇಕೆಂದೇ ಹೋದೆ. ನಿನ್ನ ಪಿಂಚಣಿ ಉಳಿಯಲಿ, ಅಮ್ಮ ಇದ್ದಿದ್ದರೆ ಅವಳೂ ಅದನ್ನೇ ಹೇಳುತ್ತಿದ್ದಳು ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡು ಹೋದೆ. ವಿಚಾರಣೆಯವರು ಕೆಟ್ಟವರಲ್ಲ. ವಯಸ್ಸಾದವರು, ಮುಂದಿನ ವರ್ಷ ಅವರೂ ನಿವೃತ್ತರಂತೆ. ನೀರು ಕೊಡಿಸಿದರು. ಒಂದು ಕಡೆ ಗಣತಿ ಪುಸ್ತಕ, ಇನ್ನೊಂದು ಕಡೆ ನಿನ್ನ ಹೇಳಿಕೆ ಇಟ್ಟುಕೊಂಡು ನೋಡಿದರು.

"ನೋಡಿ ಮೇಡಂ, ನಿಮ್ಮ ತಂದೆಯವರ ಅಕ್ಷರ ಕೋಲು ಕೋಲು. ಈ ಎರಡು ಪುಟ ದುಂಡಗಿವೆ. ಇದನ್ನ ಬೇರೆ ಯಾರೋ ಬರೆದಿದ್ದಾರೆ ಅಂತ ನನಗನ್ನಿಸುತ್ತೆ. ನೀವು ಹೌದು ಅಂದ್ರೆ, ಅವರು ನೋಡದೆ ಸಹಿ ಹಾಕಿದ್ರು ಅಂತ ಬರೆದು ಇವತ್ತೇ ಫೈಲ್ ಮುಗಿಸ್ತೀನಿ. ಮುಂದಿನ ತಿಂಗಳೇ ಪಿಂಚಣಿ ಬರುತ್ತೆ" ಅಂದರು.

ನಾನು ಅವರು ಕೊಡಿಸಿದ ನೀರು ಕುಡಿದೆ.

"ನಿಮ್ಮ ತಾಯಿಯವರು ಅಂಗನವಾಡೀಲಿ ಇದ್ರಂತಲ್ಲ. ಈಗ ಇಲ್ಲ ಅಂತ ಕೇಳಿದೆ. ಹೋದವರ ಹೆಸರು ಹೇಳಿದ್ರೆ ಯಾರಿಗೂ ನಷ್ಟ ಇಲ್ಲಮ್ಮ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಾನು ನಿನಗೆ ಬರೆದ ಮಾತೂ ಅದೇ. ಬೇರೆಯವರ ಬಾಯಲ್ಲಿ ಕೇಳಿದಾಗ ಮೈ ಉರಿಯಿತು.

ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. ಹುಲಿಯಮ್ಮ, ಮೂವತ್ತಾರು. ಕಾಂತಮ್ಮ, ಮೂವತ್ತೇಳು. ಒಂದೊಂದು ಹೆಸರಿಗೂ ಅಮ್ಮ ಎಷ್ಟು ಜೋಪಾನವಾಗಿ ತಲೆಕಟ್ಟು ಹಾಕಿದ್ದಾಳೆ ಅಪ್ಪ. ಮುಟ್ಟಬೇಕೆನ್ನಿಸಿತು. ಅವರು ನೋಡುತ್ತಿದ್ದರು, ಮುಟ್ಟಲಿಲ್ಲ.

"ಹೇಳಿ, ಯಾರದು ಈ ಅಕ್ಷರ?"

"ನಮ್ಮಪ್ಪನದೇ ಸಾರ್. ಆಗ ಅವರ ಅಕ್ಷರ ದುಂಡಗಿತ್ತು" ಅಂದೆ.

ನಿನ್ನ ಮಗಳು,
ಪ್ರಜ್ಞಾ